ಕೆಲಸ ಕೊಡುವವನು ಮೊದಲು ಹಣ ಕೇಳುವನೇ?



ದಸರೆ ಸಮೀಪಿಸಿತೆಂದರೆ ಜತ್ತ, ಅಕ್ಕಲಕೋಟೆಗಳ ಕಡೆಯ ನಮ್ಮ ಹಳ್ಳಿಗಳಿಂದ ಕಬ್ಬು ಕಡಿಯುವ ತಂಡಗಳು ಸಕ್ಕರೆ ಕಾರ್ಖಾನೆಗಳ ಸೀಮೆಗೆ ಹೊರಡುವುದು ಎಲ್ಲರೂ ಬಲ್ಲ ಸಂಗತಿ. ಅದಕ್ಕೂ ಮೊದಲೇ ಮುಕಾದಮನು ಊರಿಗೆ ಬಂದು, ಕಟ್ಟೆಯ ಮೇಲೆ ಕುಳಿತು, ಜೋಡಿಗೆ ಇಷ್ಟೆಂದು ಉಚಲಿನ ಹಣ ಎಣಿಸಿ ಕೊಡುತ್ತಾನೆ. ಆ ಉಚಲಿನ ಸಾಲ ತಂದೊಡ್ಡುವ ಕಷ್ಟ ಸಣ್ಣದಲ್ಲ. ಅದರ ಮಾತು ಇನ್ನೊಮ್ಮೆ. ಆದರೆ ಎಂಥ ಕಠಿಣ ಮುಕಾದಮನೂ ಕೂಲಿಯವನ ಕೈಗೆ ಹಣ ಕೊಟ್ಟು ಕೆಲಸಕ್ಕೆ ಕರೆಯುತ್ತಾನೆಯೇ ಹೊರತು, ಅವನಿಂದ ಹಣ ಇಸಿದುಕೊಂಡು ಕರೆಯುವುದಿಲ್ಲ.

ಈಗ ನಮ್ಮ ಮಕ್ಕಳ ಮೊಬೈಲಿನೊಳಗೆ ಹೊಸ ಮುಕಾದಮನೊಬ್ಬ ಹುಟ್ಟಿಕೊಂಡಿದ್ದಾನೆ. ಅವನ ಮುಖ ಕಂಡವರಿಲ್ಲ, ಊರು ಬಲ್ಲವರಿಲ್ಲ. ಅವನ ರೀತಿ ತಿರುಗುಮುರುಗು: ಕೆಲಸ ಕೊಡುವೆನೆಂದು ಹೇಳಿ ಮೊದಲು ತಾನೇ ಹಣ ಕೇಳುತ್ತಾನೆ. ಅವನ ವಿಷಯವನ್ನು ಕೃಷಿಯ ಪುಟದಲ್ಲಿ ಏಕೆ ಬರೆಯುತ್ತೀರಿ ಎಂದು ಕೆಲವರು ಕೇಳಬಹುದು. ಅವನ ಚೀಲಕ್ಕೆ ಬೀಳುವುದು ನಮ್ಮ ಕಣದ ರಾಶಿಯ ಹಣವೇ ಆದ್ದರಿಂದ ಬರೆಯುತ್ತೇವೆ.

ನಮ್ಮಲ್ಲಿ ಕಲಿತ ಒಬ್ಬ ಹುಡುಗನ ಕಥೆ ಕೇಳಿರಿ. ಹನ್ನೆರಡನೆಯ ತರಗತಿ ಪಾಸಾಗಿ, ಕಂಪ್ಯೂಟರಿನ ಪರೀಕ್ಷೆಯನ್ನೂ ಮುಗಿಸಿ, ನೌಕರಿ ಹುಡುಕುವ ಜಾಲತಾಣವೊಂದರಲ್ಲಿ ಹೆಸರು ಬರೆಸಿದ್ದನು. ನಾಲ್ಕೇ ದಿನಗಳಲ್ಲಿ ಕರೆ ಬಂತು. ಪುಣೆಯ ದೊಡ್ಡ ಕಂಪನಿಯೊಂದರ ಉಗ್ರಾಣದಲ್ಲಿ ಗುಮಾಸ್ತೆಯ ಕೆಲಸ, ತಿಂಗಳಿಗೆ 24,000 ರೂಪಾಯಿ ಪಗಾರ! ಮಾತನಾಡಿದವನದು ಸೊಗಸಾದ ಕನ್ನಡ. ವಾಟ್ಸಾಪಿನಲ್ಲಿಯೇ ಸಂದರ್ಶನ ಮುಗಿದು, ಮೊಹರು ಒತ್ತಿದ ಇಂಗ್ಲಿಷ್ ನೇಮಕಪತ್ರವೂ ಬಂತು. ಅರ್ಜಿಗೆಂದು 1,250, ಉಡುಪು ಹಾಗೂ ತರಬೇತಿಗೆಂದು 4,800, ಠೇವಣಿಗೆಂದು 12,500, ಹೀಗೆ ಒಟ್ಟು 18,550 ರೂಪಾಯಿ ಹೋಯಿತು. ಎರಡೂವರೆ ಕ್ವಿಂಟಲ್ ತೊಗರಿ ಮಾರಿ ಬಂದಷ್ಟು ಹಣ. ಲ್ಯಾಪ್‌ಟಾಪಿನ ವಿಮೆಗೆಂದು ಇನ್ನೂ 15,000 ಕೇಳಿದಾಗ, ತಾಯಿ ಆಡು ಮಾರುವ ಮೊದಲು ಆ ಪತ್ರದೊಡನೆ ನಮ್ಮ ಮನೆಗೆ ಬಂದರು. “ಮಾಸ್ತರ್ರ, ಇದರಾಗ ಏನ ಬರದಾರ ಓದಿ ಹೇಳ್ರಿ” ಎಂದರು.

ನಾವು ಪತ್ರದಲ್ಲಿದ್ದ ನಂಬರನ್ನು ಬಿಟ್ಟು, ಕಂಪನಿಯ ಸ್ವಂತ ಜಾಲತಾಣದಲ್ಲಿದ್ದ ನಂಬರಿಗೆ ಫೋನು ಮಾಡಿದೆವು. ಅಂಥ ನೇಮಕವೇ ಇಲ್ಲವೆಂದು ಉತ್ತರ ಬಂತು. ದೂರು ಕೊಡಿಸಿದೆವು, ಆದರೆ ಕೊನೆಯ ಹಣ ಕಳಿಸಿ ಹದಿನಾರು ದಿನ ಕಳೆದಿತ್ತು, ಆ ಖಾತೆ ಬರಿದಾಗಿತ್ತು. “ಮೊದಲೇ ಏಕೆ ಕೇಳಲಿಲ್ಲ ತಮ್ಮಾ?” ಎಂದರೆ ಹುಡುಗ ನೆಲ ನೋಡುತ್ತ, “ಇಂಗ್ಲಿಷ್ ತಿಳಿಯೂದಿಲ್ಲಂತ ನೀವು ನಕ್ಕೀರೆಂದು ಅಂಜಿದೆ ಸರ್” ಎಂದನು. ಆ ಮಾತು ನಮ್ಮನ್ನು ಚುಚ್ಚಿತು. ಕಲಿಸಿದವರನ್ನು ಕೇಳಲು ಹುಡುಗ ಅಂಜಿದನೆಂದರೆ ತಪ್ಪು ಅವನೊಬ್ಬನದಲ್ಲ.

ಒಮ್ಮೆ ಮೋಸಹೋದವನು ಮತ್ತೆ ಮತ್ತೆ ಹಣ ಹಾಕುವುದೇಕೆ? ಬೋರು ಕೊರೆಯಿಸಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಮುನ್ನೂರು ಅಡಿಗೆ ನೀರು ಬಾರದಿದ್ದರೆ, ಇಷ್ಟು ಹಾಕಿದ್ದೇವೆ, ಇನ್ನೈವತ್ತು ಅಡಿ ನೋಡೋಣ ಎನ್ನುತ್ತೇವೆ. ಠಕ್ಕನು ನಮ್ಮ ಈ ಸ್ವಭಾವವನ್ನು ಚೆನ್ನಾಗಿ ಬಲ್ಲ. ಆದ್ದರಿಂದಲೇ ಮೊದಲು ಸಣ್ಣ ಮೊತ್ತ ಕೇಳಿ, ಆಮೇಲೆ ಏರಿಸುತ್ತ ಹೋಗುತ್ತಾನೆ.

ಇನ್ನೊಂದು ಬಗೆಯುಂಟು. ವಿಡಿಯೋಗಳಿಗೆ ಲೈಕ್ ಒತ್ತುವುದೇ ಕೆಲಸ, ಒಂದಕ್ಕೆ 50 ರೂಪಾಯಿ ಎನ್ನುತ್ತಾರೆ. ಮೊದಲ ದಿನ ನೂರೈವತ್ತು ರೂಪಾಯಿ ಖಾತೆಗೆ ನಿಜವಾಗಿಯೂ ಬರುತ್ತದೆ. ಅದು ಗಾಳಕ್ಕೆ ಸಿಕ್ಕಿಸಿದ ಎರೆಹುಳು. ಮುಂದೆ ಸಾವಿರ ಕಟ್ಟಿದರೆ ಸಾವಿರದ ಮುನ್ನೂರು ಎಂದು ಹೇಳಿ, ದೊಡ್ಡ ಮೊತ್ತ ಬಿದ್ದೊಡನೆ ಬಾಗಿಲು ಹಾಕಿಕೊಳ್ಳುತ್ತಾರೆ.

ಬಿತ್ತುವ ಮೊದಲು ನೂರು ಕಾಳುಗಳನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು ಎಷ್ಟು ಮೊಳೆತವೆಂದು ಎಣಿಸುವುದು ನಮ್ಮ ಪದ್ಧತಿ. ಬೀಜಕ್ಕೆ ಮಾಡುವ ಪರೀಕ್ಷೆಯನ್ನು ನೌಕರಿಯ ಪತ್ರಕ್ಕೂ ಮಾಡತಕ್ಕದ್ದು. ಆ ಪರೀಕ್ಷೆಗಳು ನಾಲ್ಕು.

ಮೊದಲನೆಯದು ಹಣದ ಪರೀಕ್ಷೆ. ನೋಂದಣಿ, ಉಡುಪು, ವೈದ್ಯಕೀಯ ತಪಾಸಣೆ, ಠೇವಣಿ ಎಂದು ಯಾವ ಹೆಸರಿನಿಂದ ಕೇಳಿದರೂ ಕೊಡಕೂಡದು. ಸರಕಾರಿ ನೇಮಕಗಳಿಗೆ ಪರೀಕ್ಷಾ ಶುಲ್ಕವಿರುವುದು ಉಂಟು. ಆದರೆ ಅದನ್ನು ಆ ಮಂಡಳಿಯ ಜಾಲತಾಣದಲ್ಲಿಯೇ ಕಟ್ಟಬೇಕೇ ಹೊರತು ಯಾರದೋ ಫೋನ್ ನಂಬರಿಗಲ್ಲ.

ಎರಡನೆಯದು ವಿಳಾಸದ ಪರೀಕ್ಷೆ. ಪತ್ರದಲ್ಲಿರುವ ನಂಬರಿಗೇ ಫೋನು ಮಾಡಿ ವಿಚಾರಿಸಿದರೆ ಕಳ್ಳನನ್ನೇ ಸಾಕ್ಷಿ ಕೇಳಿದಂತೆ. ಕಂಪನಿಯ ಜಾಲತಾಣವನ್ನು ತಾವೇ ಹುಡುಕಿ ಅಲ್ಲಿಂದ ನಂಬರು ತೆಗೆದುಕೊಳ್ಳಬೇಕು. ದೊಡ್ಡ ಕಂಪನಿಯ ಹೆಸರು ಹೇಳಿ ಸಾಮಾನ್ಯ ಜಿಮೇಲ್ ವಿಳಾಸದಿಂದ ಪತ್ರ ಬಂದರೆ ಸಂಶಯಪಡಬೇಕು. ಸರಕಾರಿ ಇಲಾಖೆಗಳ ವಿಳಾಸ ಸಾಮಾನ್ಯವಾಗಿ ‘ಗವ್ ಡಾಟ್ ಇನ್’ ಅಥವಾ ‘ನಿಕ್ ಡಾಟ್ ಇನ್’ ಎಂದು ಮುಗಿಯುತ್ತದೆ.

ಮೂರನೆಯದು ಅವಸರದ ಪರೀಕ್ಷೆ. ಮುಖ ನೋಡದೆ, ಕೆಲಸದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದೆ, “ಇಂದು ಸಂಜೆಯೊಳಗೆ ಕಟ್ಟದಿದ್ದರೆ ಜಾಗ ಇನ್ನೊಬ್ಬರಿಗೆ” ಎನ್ನುವವನನ್ನು ನಂಬಲಾಗದು.

ನಾಲ್ಕನೆಯದು ಗುಟ್ಟಿನ ಪರೀಕ್ಷೆ. ಓಟಿಪಿ, ಯುಪಿಐ ಪಿನ್ನುಗಳು ಮನೆಯ ಕೀಲಿಕೈ ಇದ್ದಂತೆ. ಹಣ ಕಳಿಸುವಾಗ ಪಿನ್ನು ಬೇಕು. ಬರುವ ಹಣಕ್ಕೆ ಎಂದೂ ಬೇಡ. “ಪಗಾರ ಜಮೆಯಾಗಲು ಪಿನ್ನು ಒತ್ತಿರಿ” ಎಂದವನು ಕಳ್ಳನೇ ಸರಿ. ಅಪರಿಚಿತರು ಕಳಿಸಿದ ಆ್ಯಪನ್ನು ಮೊಬೈಲಿನಲ್ಲಿ ಹಾಕಿಕೊಳ್ಳುವುದೂ ಬೇಡ.

ಇವೆಲ್ಲಕ್ಕಿಂತ ಅಪಾಯದ ಮಾತು ಒಂದುಂಟು. “ನಿಮ್ಮ ಬ್ಯಾಂಕ್ ಖಾತೆಯನ್ನು ನಮಗೆ ಬಳಸಲು ಕೊಡಿರಿ, ಬಂದ ಹಣವನ್ನು ಮುಂದೆ ಕಳಿಸಿರಿ, ಕಮಿಶನ್ ಕೊಡುತ್ತೇವೆ” ಎಂಬ ಕೆಲಸವನ್ನು ಎಂದಿಗೂ ಒಪ್ಪಬಾರದು. ಹಾಗೆ ಬರುವುದು ಇನ್ನೊಬ್ಬ ಬಡವನಿಂದ ಕದ್ದ ಹಣ. ಪೊಲೀಸರು ಅದರ ಜಾಡು ಹಿಡಿದಾಗ ಮೊದಲು ಸಿಕ್ಕುವುದು ಖಾತೆಯ ಒಡೆಯನ ಹೆಸರು. ಖಾತೆಗೆ ತಡೆ ಬೀಳುತ್ತದೆ. ಪಿಎಂ ಕಿಸಾನ್ ಕಂತು, ಬೆಳೆವಿಮೆ, ತೊಗರಿಯ ಹಣ ಎಲ್ಲವೂ ಅದೇ ಖಾತೆಗೆ ಬರುವುದಾದರೆ ಬಿತ್ತನೆಯ ಹೊತ್ತಿಗೆ ಮನೆಯ ಗತಿಯೇನು? ಅಷ್ಟೇ ಅಲ್ಲ, ಮೊಕದ್ದಮೆಯೂ ಬೆನ್ನು ಹತ್ತುತ್ತದೆ.

ಪರದೇಶದ ಕೆಲಸವೆಂದರೆ ಎಚ್ಚರ ಇಮ್ಮಡಿಯಾಗಿರಲಿ. ನಮ್ಮ ನೆರೆಯ ಕಲಬುರಗಿ ಜಿಲ್ಲೆಯ ಕೆಲವು ತರುಣರು ನೌಕರಿಯ ಮಾತು ನಂಬಿ 2023ರ ಕೊನೆಗೆ ರಷ್ಯಾಕ್ಕೆ ಹೋಗಿ ಯುದ್ಧದ ಬಾಯಿಗೆ ಸಿಕ್ಕಿದ್ದರು. ಮನೆಗೆ ಮರಳುವಷ್ಟರಲ್ಲಿ 2024ರ ಸೆಪ್ಟೆಂಬರ್ ಬಂದಿತ್ತು. 2025ರ ಮಾರ್ಚಿನಲ್ಲಿ ಮ್ಯಾನ್ಮಾರ್–ಥಾಯ್ಲೆಂಡ್ ಗಡಿಯಿಂದ ಸರಕಾರವು 549 ಭಾರತೀಯರನ್ನು ವಿಮಾನದಲ್ಲಿ ಕರೆತಂದಿತು. ಕಂಪ್ಯೂಟರ್ ಕೆಲಸದ ಆಸೆ ತೋರಿಸಿ ಒಯ್ದು, ಕೂಡಿಹಾಕಿ, ಅವರಿಂದಲೇ ಫೋನಿನ ಮೇಲೆ ಜನರನ್ನು ವಂಚಿಸುವ ಕೆಲಸ ಮಾಡಿಸುವ ಠಾಣ್ಯಗಳು ಅಲ್ಲಿವೆ. ನಮ್ಮನ್ನು ಮೋಸಗೊಳಿಸುವ ದನಿಯೂ ಒಮ್ಮೊಮ್ಮೆ ಹೀಗೆ ಮೋಸಹೋದವನದೇ ಆಗಿರಬಹುದು!

1983ರ ವಲಸೆ ಕಾಯ್ದೆಯಂತೆ ಪರದೇಶದ ಕೆಲಸಕ್ಕೆ ಜನರನ್ನು ಕಳಿಸುವ ಏಜಂಟನಿಗೆ ಸರಕಾರದ ಪರವಾನಗಿ ಬೇಕು. ಪರವಾನಗಿಯುಳ್ಳವರ ಪಟ್ಟಿ ‘ಇ–ಮೈಗ್ರೇಟ್’ ಜಾಲತಾಣದಲ್ಲಿದೆ. ಅವನು ಪಡೆಯಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಅದಕ್ಕೂ ರಸೀದಿ ಬೇಕು. ಪ್ರವಾಸಿ ವೀಸಾದ ಮೇಲೆ ಹೋಗಿರಿ, ಆಮೇಲೆ ಬದಲಿಸೋಣ ಎಂದರೆ ಅಲ್ಲಿಂದಲೇ ಎದ್ದು ಬರಬೇಕು.

ಇಷ್ಟಾಗಿಯೂ ಮೋಸವಾದರೆ ಅಳುತ್ತ ಕೂಡ್ರುವುದು ಬೇಡ. ಆ ಕ್ಷಣವೇ 1930 ನಂಬರಿಗೆ ಫೋನು ಮಾಡಿರಿ, ಬ್ಯಾಂಕಿಗೂ ತಿಳಿಸಿರಿ. ಹಣ ಇನ್ನೂ ಮುಂದಿನ ಖಾತೆಗಳಲ್ಲಿ ಉಳಿದಿದ್ದರೆ ಅದನ್ನು ತಡೆಹಿಡಿಯುವ ಏರ್ಪಾಡು ಇದೆ. ಒಡೆದ ಕಾಲುವೆಗೆ ಕೂಡಲೇ ಮಣ್ಣು ಹಾಕಿದರೆ ನೀರು ನಿಂತೀತು. ಮರುದಿನ ಹಾಕಿದರೇನು ಫಲ? ಸಂದೇಶ, ಪತ್ರ, ಹಣ ಕಳಿಸಿದ ದಾಖಲೆಗಳನ್ನು ಅಳಿಸಬೇಡಿರಿ.

ಗಡಿಯವರಾದ ನಮಗೆ ಇನ್ನೊಂದು ಮಾತು ತಿಳಿದಿರಲಿ. ಹಣ ಹೋದದ್ದು ಬೆಂಗಳೂರಿಗೆ, ಅಲ್ಲಿಗೇ ಹೋಗಿರಿ ಎಂದು ಠಾಣೆಯವರು ನಿಮ್ಮನ್ನು ಹಿಂದಕ್ಕೆ ಕಳಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಇಂಥ ಅಪರಾಧ ಎಲ್ಲಿಯೇ ನಡೆದಿದ್ದರೂ ದೂರನ್ನು ಹತ್ತಿರದ ಠಾಣೆಯಲ್ಲಿ ಕೊಡಬಹುದು.

ಕೊನೆಯದಾಗಿ ಒಂದು ವಿನಂತಿ. ಊರಿನ ಯಾವ ಮಗುವಿಗೇ ಆಗಲಿ ನೌಕರಿಯ ಪತ್ರ ಬಂದರೆ, ಹಣ ಕಳಿಸುವ ಮೊದಲು ಅದನ್ನು ಇಬ್ಬರಿಗೆ ತೋರಿಸುವ ರೂಢಿ ಬೀಳಲಿ. ಓದಬಲ್ಲವರು ಓದಿ ಹೇಳಲಿ. ಕೇಳಲು ಬಂದವರನ್ನು ನೋಡಿ ಯಾರೂ ನಗದಿರಲಿ. ನಮ್ಮ ಶಾಲೆಯ ಬಾಗಿಲು ಸಂಜೆಯೂ ತೆರೆದಿರುತ್ತದೆ. ಆ ಹುಡುಗನೂ ಈಗ ಅಲ್ಲಿಗೆ ಬಂದು, ತನಗಿಂತ ಚಿಕ್ಕವರ ಪತ್ರಗಳನ್ನು ನಮ್ಮೊಡನೆ ಕುಳಿತು ಪರೀಕ್ಷಿಸುತ್ತಾನೆ.