ಕಾಕಾ ಉಪ್ಪು ಬಿಟ್ಟಾಗ ಏನಾಯ್ತು ಗೊತ್ತಾ?

ಮೇ ತಿಂಗಳು. ವರ್ಕ್ ಫ್ರಂ ಹೋಮ್ ಅಂತ ಹಳಿಯಾಳಕ್ಕೆ ಹೋಗಿದ್ದೆ. ಬೆಳಿಗ್ಗೆ ಕಾಕಾ ಚಹಾ ಕಪ್ಪು ಎತ್ತಿದರು, ಅರ್ಧ ಚಹಾ ಬಸಿಯಲ್ಲೇ ಚೆಲ್ಲಿತು. ಕೈ ಗಡಗಡ. ಎದ್ದು ನಡೆದರೆ ಓಲಾಟ. ಎರಡು ದಿನದಿಂದ ಭೇದಿ ಬೇರೆ.

“ವಯಸ್ಸಾತು ನೋಡೋ, ನಿಶ್ಯಕ್ತಿ” ಅಂದರು ಕಾಕಿ. ನಾನೂ ಹೂಂ ಅಂದು ಲ್ಯಾಪ್‌ಟಾಪ್ ತೆಗೆದೆ. ಆದರೆ ಮಧ್ಯಾಹ್ನ ಊಟಕ್ಕೆ ಕೂತಾಗ ಸಾರು ಸಪ್ಪೆ, ಪಲ್ಯ ಸಪ್ಪೆ.

“ಕಾಕಾ, ಉಪ್ಪು ಯಾವಾಗಿಂದ ಬಿಟ್ರಿ?”

“ಬಿಪಿ ಐತಿ ಅಂದ್ರಪಾ. ಹದಿನೈದು ದಿನಾ ಆತು, ಒಂದ್ ಹಳ್ಳೂ ಮುಟ್ಟಿಲ್ಲ.”

ಕಾಕಾ ಹನ್ನೆರಡು ವರ್ಷದಿಂದ ಬೈಪೋಲಾರ್ ಕಾಯಿಲೆಗೆ ಲಿಥಿಯಂ ಗುಳಿಗೆ ತಗೋತಾರೆ. ಧಾರವಾಡದ ಅವರ ಡಾಕ್ಟರಿಗೆ ಫೋನ್ ಮಾಡಿದೆ. ಕೈ ನಡುಕ, ಭೇದಿ, ಉಪ್ಪು ಬಿಟ್ಟದ್ದು, ಮೂರನ್ನೂ ಕೇಳಿದ ಕೂಡಲೇ ಅವರು ಹೇಳಿದ್ದು: “ಮುಂದಿನ ಗುಳಿಗೆ ಕೊಡಬೇಡಿ. ಈಗಲೇ ಕರ್ಕೊಂಡ್ ಬನ್ನಿ.” ರಕ್ತದಲ್ಲಿ ಲಿಥಿಯಂ 1.8 ಇತ್ತು. ಸಾಮಾನ್ಯವಾಗಿ 0.6ರಿಂದ 1.2ರ ಒಳಗೆ ಇರಬೇಕು. 1.5 ದಾಟಿದರೆ ವಿಷ ಏರುವ ಅಪಾಯ. ಮೂರು ದಿನ ಸಲೈನ್ ಹಾಕಿದ ಮೇಲೆ ಕಾಕಾ ಸರಿಯಾಗಿ ನಡೆದರು.

ಉಪ್ಪಿಗೂ ಗುಳಿಗೆಗೂ ಏನು ಸಂಬಂಧ?

ಲಿಥಿಯಂ, ಸೋಡಿಯಂ ಎರಡೂ ಒಂದೇ ಕುಟುಂಬದ ಧಾತುಗಳು. ಮೂತ್ರಪಿಂಡಕ್ಕೆ ಎರಡರ ನಡುವಿನ ವ್ಯತ್ಯಾಸ ಪೂರ್ತಿ ಗೊತ್ತಾಗಲ್ಲ. ಊಟದಲ್ಲಿ ಉಪ್ಪು ಕಡಿಮೆಯಾದಾಗ ಅದು ಸೋಡಿಯಂ ಹಿಡಿದಿಡಲು ಹೋಗಿ ಲಿಥಿಯಂ ಅನ್ನೂ ಹಿಡಿದಿಡುತ್ತದೆ. ಗುಳಿಗೆ ಅಷ್ಟೇ ನುಂಗಿದ್ದರೂ ರಕ್ತದಲ್ಲಿ ಪ್ರಮಾಣ ಏರುತ್ತದೆ. ಬೇಸಿಗೆಯ ಬೆವರು, ವಾಂತಿ, ಭೇದಿ, ನೀರಿಲ್ಲದ ಉಪವಾಸ, ರೋಜಾ ಇವೂ ಅದನ್ನೇ ಮಾಡಬಹುದು.

ಹಾಗಂತ ಲಿಥಿಯಂ ಕೆಟ್ಟ ಔಷಧ ಅಲ್ಲ. 1949ರಲ್ಲಿ ಆಸ್ಟ್ರೇಲಿಯಾದ ಡಾಕ್ಟರ್ ಜಾನ್ ಕೇಡ್ ಇದರ ಉಪಯೋಗ ಬರೆದು ತೋರಿಸಿದಾಗಿನಿಂದ ಎಷ್ಟೋ ಜನರ ಬದುಕು ಹಳಿಗೆ ಬಂದಿದೆ, ನಮ್ಮ ಕಾಕಾನದೂ. ಉಪ್ಪು ಜಾಸ್ತಿ ತಿನ್ನಿ ಅಂತಲೂ ಅಲ್ಲ. ದಿನಾ ಎಷ್ಟು ತಿನ್ನುತ್ತೀರೋ ಅಷ್ಟೇ ಇರಲಿ, ಬದಲಿಸುವುದಿದ್ದರೆ ಮೊದಲು ಡಾಕ್ಟರಿಗೆ ಹೇಳಿ. ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನಲ್ಲಿ ಕುಡಿಯುವ ಬೆಣ್ಣೆ ಚಹಾಕ್ಕೆ ಉಪ್ಪು ಹಾಕಿರುತ್ತಾರೆ. ದಿನಕ್ಕೆ ಐದಾರು ಕಪ್ ಕುಡಿಯುವವರು ಲಿಥಿಯಂ ತಗೋತಿದ್ದು, ಬಿಪಿ ಅಂತ ಒಮ್ಮೆಲೇ ಅದನ್ನು ಬಿಟ್ಟರೂ ಇದೇ ಕಥೆ. ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನಿಂದ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೂಡ ಲಿಥಿಯಂ ಏರಿಸುತ್ತವೆ.

ನಮ್ಮ ಕಡೆಯ ಊಟ-ತಿಂಡಿಯಲ್ಲಿ ಇನ್ನೇನು ನೋಡಬೇಕು?

ಕಾಫಿ, ಚಹಾ: ಕೆಫೀನ್ ಲಿಥಿಯಂ ಅನ್ನು ಮೂತ್ರದಲ್ಲಿ ಹೆಚ್ಚು ಹೊರಹಾಕಿಸುತ್ತದೆ. ದಿನಾ ಐದು ಕಪ್ ಕುಡಿಯುವವರು ತಟ್ಟನೆ ನಿಲ್ಲಿಸಿದರೆ ಪ್ರಮಾಣ ಏರಬಹುದು. ಕ್ಲೋಜಾಪಿನ್ ತಗೊಳ್ಳುವವರಲ್ಲಿ ಉಲ್ಟಾ: ಕಾಫಿ ಜಾಸ್ತಿಯಾದರೆ ಔಷಧ ಏರುತ್ತದೆ.

ಬೀಡಿ, ಸಿಗರೇಟು: ಹೊಗೆ ಲಿವರ್‌ನ ಕೆಲಸ ಚುರುಕು ಮಾಡಿ ಕ್ಲೋಜಾಪಿನ್, ಓಲಾಂಜಾಪಿನ್ ಬೇಗ ಕರಗಿಸುತ್ತದೆ. ಬಿಡುವುದು ಒಳ್ಳೆಯದೇ, ಖಂಡಿತ ಬಿಡಿ. ಆದರೆ ಡಾಕ್ಟರಿಗೆ ಹೇಳಿ ಬಿಡಿ, ಡೋಸ್ ಇಳಿಸಬೇಕಾಗಬಹುದು.

ಮದ್ಯ: ವೀಕೆಂಡಿಗೆ ರಾಫ್ಟಿಂಗ್ ಅಂತ ಆಫೀಸಿನ ಗೆಳೆಯರು ದಾಂಡೇಲಿಗೆ ಬರ್ತಾರೆ. ಕಾಳಿ ನದಿಯ ದಂಡೆ, ಸಂಜೆ ಬಿಯರ್. ಅವರಲ್ಲೊಬ್ಬ ನಿದ್ದೆಗೆ ಕ್ಲೊನಾಜೆಪಾಮ್ ತಗೋತಾನೆ. ಮದ್ಯವೂ ಈ ಗುಳಿಗೆಯೂ ಮಿದುಳನ್ನು ಮಂದ ಮಾಡುತ್ತವೆ, ಎರಡೂ ಸೇರಿದರೆ ಉಸಿರಾಟವೇ ನಿಧಾನವಾಗಬಹುದು. ಬಿಯರ್ ಆಗಲಿ ಗೋವಾದ ಫೆನಿ ಆಗಲಿ, ಲೆಕ್ಕ ಒಂದೇ.

ಉಪವಾಸ: ಲುರಾಸಿಡೋನ್ ಗುಳಿಗೆಯನ್ನು ಕನಿಷ್ಠ 350 ಕ್ಯಾಲೊರಿ ಊಟದ ಜೊತೆ ತಗೋಬೇಕು, ಖಾಲಿ ಹೊಟ್ಟೆಯಲ್ಲಿ ಅದು ಸರಿಯಾಗಿ ರಕ್ತ ಸೇರಲ್ಲ. ಏಕಾದಶಿ ದಿನ ಬರೀ ಹಾಲು ಸಾಕಾಗಲ್ಲ. ಜೋಯಿಡಾದವರ ಮನೆಯಲ್ಲಿ ಗಡ್ಡೆ-ಗೆಣಸಿಗೆ ಬರ ಇಲ್ಲ, ಫಲಾಹಾರ ಹೊಟ್ಟೆ ತುಂಬ ಮಾಡಿ.

ಚಕ್ಕೋತ: ಇದರ ಹತ್ತಿರದ ಬಂಧು ಗ್ರೇಪ್‌ಫ್ರೂಟ್ ರಸ ಕ್ವೆಟಿಯಾಪಿನ್, ಕಾರ್ಬಮಜೆಪಿನ್ ಪ್ರಮಾಣ ಏರಿಸಬಲ್ಲದು. ಅಂಥ ಅಂಶ ಚಕ್ಕೋತದಲ್ಲೂ ಇದೆ. ಈ ಗುಳಿಗೆ ತಗೊಳ್ಳುವವರು ತಿನ್ನುವ ಮೊದಲು ಕೇಳಿ.

ಈಗ ನಮ್ಮ ಮನೆಯಲ್ಲಿ

ಸಾಫ್ಟ್‌ವೇರ್‌ನಲ್ಲಿ ನಾವು ಚಿಕ್ಕ ಬದಲಾವಣೆ ಮಾಡಿದರೂ ಬರೆದಿಡುತ್ತೇವೆ. ಕಾಕಾನ ಬದಲಾವಣೆ ಬರೆದಿಡುವವರು ಯಾರೂ ಇರಲಿಲ್ಲ. ಬಿಪಿ ನೋಡಿದವರಿಗೆ ಲಿಥಿಯಂ ವಿಷಯ ನಾವು ಹೇಳಿರಲಿಲ್ಲ. ಯಾಕೆ? “ತಲಿ ಗುಳಿಗಿ” ಅಂದರೆ ಜನ ಏನಂದಾರು ಅನ್ನೋ ನಾಚಿಕೆ. ಆ ನಾಚಿಕೆ ನಮಗೆ ದುಬಾರಿಯಾಗುತ್ತಿತ್ತು.

ಈಗ ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿದ್ದೇವೆ: ಗುಳಿಗೆಗಳ ಹೆಸರು, ಡೋಸ್, ಮುಂದಿನ ರಕ್ತಪರೀಕ್ಷೆಯ ತಾರೀಖು. ಅದರ ಫೋಟೋ ಎಲ್ಲರ ಫೋನಿನಲ್ಲಿದೆ. ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಅದನ್ನು ತೋರಿಸುತ್ತೇವೆ. ಇದನ್ನು ಓದಿ ಹೆದರಿ ಯಾರೂ ಗುಳಿಗೆ ನಿಲ್ಲಿಸಬೇಡಿ, ಕೇಳಿ. ಮಾತಾಡಲು ಯಾರೂ ಸಿಗದಿದ್ದರೆ ಸರ್ಕಾರದ ಟೆಲಿ ಮಾನಸ್ ಇದೆ, 14416, ಕರೆ ಉಚಿತ.

ಮೊನ್ನೆ ಫೋನ್ ಮಾಡಿದಾಗ ಕಾಕಾ ಕೇಳಿದರು, “ಶ್ರಾವಣ ಸೋಮವಾರ ಒಪ್ಪತ್ತು ಮಾಡ್ಲೇನೋ? ಡಾಕ್ಟ್ರಿಗೆ ಕೇಳಿ ಹೇಳು.”

ಕೇಳಿ ಹೇಳಿದೆ. ನೀರು ಚೆನ್ನಾಗಿ ಕುಡಿದು, ರಾತ್ರಿ ಉಪ್ಪು ಹಾಕಿದ ಊಟ ಮಾಡಿದರೆ ಆಯ್ತಂತೆ.