ಅಶ್ಮರೀಶಂಕೆಯಲ್ಲಿ ಚಿತ್ರಣದ ಆಯ್ಕೆ

ವೈದ್ಯಗ್ರಂಥಗಳ ಅಶ್ಮರಿಯೇ ಆಡುಮಾತಿನ ಮೂತ್ರದ ಕಲ್ಲು. ಸುಶ್ರುತಸಂಹಿತೆಯು ಇದನ್ನು ನಾಲ್ಕು ವಿಧವಾಗಿ ವಿಂಗಡಿಸಿ ಶಸ್ತ್ರಕ್ರಿಯೆಯನ್ನೂ ವಿಧಿಸಿದೆ. ಆದರೆ ದೇಹವನ್ನು ಸೀಳದೆ ಒಳಗಣ ಕಲ್ಲನ್ನು ಚಿತ್ರದಲ್ಲಿ ಕಾಣುವುದು 1895ರಲ್ಲಿ ರಾಂಟ್‌ಗೆನ್ನನು ಕ್ಷಕಿರಣವನ್ನು ಕಂಡುಹಿಡಿದ ತರುವಾಯ ಸಾಧ್ಯವಾಯಿತು. ಆ ಕಿರಣಕ್ಕೂ ಎಲ್ಲ ಕಲ್ಲುಗಳು ಗೋಚರವಲ್ಲ: ಸುಣ್ಣದಂಶವುಳ್ಳದ್ದು ಬೆಳ್ಳಗೆ ಮೂಡುವುದು, ಯೂರಿಕ್ ಆಮ್ಲದ್ದು ಮರೆಯಾಗಿಯೇ ಉಳಿಯುವುದು.

ಇಂದು ವಿಚಾರಣೀಯವಾದುದು ಶ್ರವಣಾತೀತ ಧ್ವನಿಚಿತ್ರ, ಸಿ.ಟಿ. ಇವೆರಡರೊಳಗಣ ತಾರತಮ್ಯ. ಬೈಲಹೊಂಗಲ ತಾಲ್ಲೂಕಿನ ನೇಸರಗಿಯಂಥ ಊರಿನಿಂದ ಬೆಳಗಾವಿಗೆ ಹೊರಡುವ ರೋಗಿಗೆ ಇದು ಬರಿಯ ಪಾಂಡಿತ್ಯದ ವಿಷಯವಲ್ಲ. ಧ್ವನಿಚಿತ್ರದಲ್ಲಿ ಕಿರಣದ ಭಯವಿಲ್ಲ. ಮೂತ್ರವು ತಡೆದು ಪಿಂಡವು ಊದಿರುವುದನ್ನು ಅದು ಚೆನ್ನಾಗಿ ತೋರಿಸುವುದು. ಆದರೆ ಮೂತ್ರನಾಳದ ನಡುವೆ ಸಿಕ್ಕಿದ ಸಣ್ಣ ಹರಳು ಅದಕ್ಕೆ ಅನೇಕ ವೇಳೆ ಕಾಣಿಸದು. ಸಿ.ಟಿ.ಯಾದರೋ ಯೂರಿಕ್ ಆಮ್ಲದ ಕಲ್ಲನ್ನೂ ಬಿಡದು. ಅದಕ್ಕೆ ತೆರಬೇಕಾದದ್ದು ಕಿರಣಭಾರ. ಬೆಲೆ ಹೆಚ್ಚೆಂಬ ಮಾತ್ರಕ್ಕೆ ಅದನ್ನೇ ಮೊದಲು ಬಯಸುವುದು ಅವಿಚಾರವೇ ಸರಿ.

ಅಮೆರಿಕದ 15 ತುರ್ತುಚಿಕಿತ್ಸಾ ವಿಭಾಗಗಳಲ್ಲಿ 2,759 ರೋಗಿಗಳನ್ನು ಪರಿಶೀಲಿಸಿದ ಸಂಶೋಧನೆಯೊಂದು 2014ರಲ್ಲಿ ಪ್ರಕಟವಾಯಿತು. ಧ್ವನಿಚಿತ್ರದಿಂದ ಆರಂಭಿಸಿದವರಲ್ಲಿ ಕೆಲವರಿಗೆ ಬಳಿಕ ಸಿ.ಟಿ.ಯೂ ಬೇಕಾಯಿತು, ಆದರೂ ಗಂಭೀರ ತೊಡಕುಗಳು ಹೆಚ್ಚಲಿಲ್ಲ, ಒಟ್ಟು ಕಿರಣಭಾರವು ಕಡಿಮೆಯಾಯಿತು. ಗರ್ಭಿಣಿಯರಿಗೂ ಮಕ್ಕಳಿಗೂ ಧ್ವನಿಚಿತ್ರವೇ ಪ್ರಥಮವೆಂಬುದರಲ್ಲಿ ವಿವಾದವಿಲ್ಲ.

ನೋವಿನೊಡನೆ ಚಳಿಜ್ವರ ಬಂದರೆ, ಮೂತ್ರವು ಪೂರ್ಣ ನಿಂತರೆ, ಅಥವಾ ರೋಗಿಗೆ ಇರುವುದು ಒಂದೇ ಮೂತ್ರಪಿಂಡವಾದರೆ ಈ ತೂಗಾಟಕ್ಕೆ ಅವಕಾಶವಿಲ್ಲ. ಅಲ್ಲಿ ಕೈಗೆ ಬೇಗ ಸಿಗುವ ಚಿತ್ರವೇ ಉಚಿತ. ಪ್ರಯಾಣವನ್ನು ಮರುದಿನಕ್ಕೆ ಮುಂದೂಡಲಾಗದು.