ಮಳೆಗಾಲಕ್ಕೆ ಮುನ್ನ: ಗೋಡೆಗೆ ಯಾವ ಲೇಪನ?

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯು ಮುಂಬಯಿಯ ಕಟ್ಟಡಗಳಿಗೆ ವಾರ್ಷಿಕ ಪರೀಕ್ಷೆಯೇ ಸರಿ. ಅದಕ್ಕೆ ಮುನ್ನ ನಡೆಯುವ ಸೊಸೈಟಿಯ ಸಭೆಗಳಲ್ಲಿ ಹೊರಗೋಡೆಗೆ ‘ಸೀಲರ್’ ಬಳಿಸುವ ಪ್ರಸ್ತಾಪ ಬರುವುದು ಸಾಮಾನ್ಯ. ಗುತ್ತಿಗೆದಾರರ ದರಪಟ್ಟಿಗಳಲ್ಲಿ ಬೆಲೆಯ ಅಂತರ ಎದ್ದು ಕಾಣುತ್ತದೆ. ಗುಣದ ಅಂತರ ಕಾಣುವುದಿಲ್ಲ. ವ್ಯಯವಾಗುವುದು ಸದಸ್ಯರೆಲ್ಲರ ದುರಸ್ತಿ ನಿಧಿಯಾದ್ದರಿಂದ ಈ ವಿಷಯದಲ್ಲಿ ತುಸು ತಿಳಿವಳಿಕೆ ಅಗತ್ಯ.

ಕಾಂಕ್ರೀಟು, ಇಟ್ಟಿಗೆ, ಗಾರೆ ಎಲ್ಲವೂ ಸೂಕ್ಷ್ಮ ರಂಧ್ರಗಳುಳ್ಳ ವಸ್ತುಗಳು. ಹೊಸ ಕಾಂಕ್ರೀಟಿನ ಪಿಎಚ್ 12ಕ್ಕಿಂತ ಹೆಚ್ಚಿದ್ದು, ಆ ಕ್ಷಾರಗುಣವೇ ಒಳಗಿನ ಉಕ್ಕಿನ ಸರಳುಗಳನ್ನು ಕಾಪಾಡುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಅದನ್ನು ಕಾಲಕ್ರಮೇಣ ಕುಗ್ಗಿಸುತ್ತದೆ. ನೀರಿನೊಡನೆ ಒಳಸೇರುವ ಕಡಲಿನ ಉಪ್ಪು ಹಾನಿಯನ್ನು ತ್ವರಿತಗೊಳಿಸುತ್ತದೆ. ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ; ಬಾಲ್ಕನಿಯ ಅಡಿಯಿಂದ ತುಂಡುಗಳು ಉದುರಿ ಪ್ರಾಣಕ್ಕೇ ಸಂಚಕಾರ ಬರುತ್ತದೆ.

ಲೇಪನಗಳಲ್ಲಿ ಮುಖ್ಯವಾಗಿ ಎರಡು ಬಗೆ. ಸಿಲೇನ್, ಸಿಲಾಕ್ಸೇನ್‌ಗಳು ಒಳಕ್ಕೆ ಇಳಿದು ರಂಧ್ರಗಳ ಗೋಡೆಗೆ ಅಂಟಿಕೊಳ್ಳುತ್ತವೆ. ಇವು ಮಳೆನೀರನ್ನು ತಡೆಯುತ್ತವೆ, ಒಳಗಿನ ತೇವವನ್ನು ಆವಿಯಾಗಿ ಹೊರಬಿಡುತ್ತವೆ. ಗೋಡೆಯ ರೂಪವೂ ಹೆಚ್ಚು ಬದಲಾಗದು. ಎರಡನೆಯ ಬಗೆ ಅಕ್ರಿಲಿಕ್‌ನಂತಹವು. ಇವು ಮೇಲ್ಮೈಯಲ್ಲಿ ಪದರವಾಗಿ ನಿಲ್ಲುತ್ತವೆ. ಇಂಗಾಲದ ಡೈಆಕ್ಸೈಡನ್ನು ತಡೆಯಲೆಂದೇ ತಯಾರಿಸಿದ ಪದರಗಳು ಕಾಂಕ್ರೀಟಿನ ಕಂಬ, ತೊಲೆಗಳಿಗೆ ಯೋಗ್ಯ. ಆದರೆ ಒದ್ದೆ ಗೋಡೆಗೆ ಹೊಳಪಿನ, ಆವಿ ಬಿಡದ ಪದರ ಬಳಿದರೆ ತೇವ ಒಳಗೇ ಸಿಕ್ಕಿಬಿದ್ದು ಲೇಪನ ಗುಳ್ಳೆಯೆದ್ದು ಸುಲಿಯುತ್ತದೆ.

ಕರಾವಳಿಯ ಊರಮನೆಗಳ ಮುರಕಲ್ಲಿನ ಗೋಡೆಗಳಿಗೂ ಇದೇ ವಿವೇಕ ಅನ್ವಯಿಸುತ್ತದೆ. ಬಹು ರಂಧ್ರಗಳ ಆ ಕಲ್ಲಿಗೆ ವಾರ್ನಿಷಿನ ಮಿನುಗಿಗಿಂತ ಉಸಿರಾಡಲು ಬಿಡುವ ಲೇಪನವೇ ಲೇಸು.

ನಿರ್ಧಾರಕ್ಕೆ ಮೊದಲು ಎರಡು ಸರಳ ಪರೀಕ್ಷೆಗಳನ್ನು ಮಾಡಬಹುದು. ಒಣಗೋಡೆಗೆ ನೀರು ಚಿಮುಕಿಸಬೇಕು. ಹನಿಗಳು ಜಾರಿದರೆ ಹಳೆಯ ಲೇಪನ ಇನ್ನೂ ಉಳಿದಿದೆ. ಗೋಡೆ ನೀರನ್ನು ಹೀರಿ ಕಪ್ಪಾದರೆ ರಕ್ಷಣೆ ಬೇಕು. ಬಳಿಕ ಸುಮಾರು 45 ಸೆಂಟಿಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಗೋಡೆಗೆ ಅಂಟಿಸಿ ಕನಿಷ್ಠ 16 ಗಂಟೆ ಬಿಡಬೇಕು. ಹಾಳೆಯ ಒಳಮೈಯಲ್ಲಿ ಹನಿಗಟ್ಟಿದರೆ ಗೋಡೆ ಒಣಗಿಲ್ಲವೆಂದೇ ಅರ್ಥ.

ಯಾವ ಸೀಲರ್ ಕೂಡ ದುರಸ್ತಿಗೆ ಬದಲಿಯಲ್ಲ. ಬಿರುಕು ಮುಚ್ಚಿ, ಸಡಿಲ ಗಾರೆ ಕೆತ್ತಿ, ತುಕ್ಕುಹಿಡಿದ ಸರಳುಗಳನ್ನು ಸರಿಪಡಿಸಿದ ಮೇಲಷ್ಟೇ ಲೇಪನದ ಸರದಿ. ಹೊಸ ಕಾಂಕ್ರೀಟಿಗೆ ಸಾಮಾನ್ಯವಾಗಿ 28 ದಿನಗಳ ಕಾಲಾವಕಾಶ ಕೊಡುವುದು ರೂಢಿ. ನೀರು ನಿಲ್ಲುವ ತಾರಸಿಗೆ ಗೋಡೆಯ ಸೀಲರ್ ಸಾಲದು, ಪ್ರತ್ಯೇಕ ಜಲನಿರೋಧಕ ಪದರ ಬೇಕು. ಸ್ನಾನದ ಮನೆಯ ಕೊಳವೆಯ ಸೋರಿಕೆಗಂತೂ ಹೊರಗಿನ ಲೇಪನದಿಂದ ಯಾವ ಪ್ರಯೋಜನವೂ ಇಲ್ಲ.

ಆದ್ದರಿಂದ ದರಪಟ್ಟಿಯಲ್ಲಿ ಲೇಪನದ ಬಗೆ, ಚದರ ಮೀಟರಿಗೆ ಬಳಸುವ ಪ್ರಮಾಣ, ಪೂರ್ವಸಿದ್ಧತೆಯ ಕೆಲಸಗಳು ಹಾಗೂ ಖಾತರಿಯ ಅವಧಿಯನ್ನು ಲಿಖಿತವಾಗಿ ಕೇಳುವುದು ಒಳ್ಳೆಯದು. ಅತಿ ಕಡಿಮೆ ದರದ ಹಿಂದೆ ಕೈಬಿಟ್ಟ ಪೂರ್ವಸಿದ್ಧತೆ ಅಡಗಿದ್ದರೆ, ಅದರ ಬೆಲೆಯನ್ನು ಮುಂದಿನ ಮಳೆಗಾಲ ವಸೂಲು ಮಾಡದೆ ಬಿಡದು.